ಓರೆ ಹಿಡಿದ ಕೈ

ಆ ಆಸ್ಪತ್ರೆಯ ಸ್ಕ್ಯಾನ್ ಕೋಣೆಯೊಳಗೆ ಮುಲಾಜು ಎಂಬುದು ಕಾಲಿಟ್ಟದ್ದೇ ಇಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಒಳಗೆ ಕೂತವಳು ಅಂಥವಳು. ಮಕ್ಕಳಾಗಲಿ ಎಂದು ಅಲ್ಲಿಗೆ ಎಡತಾಕುವ ಹೆಂಗಸರು ಅವಳಿಗೆ ಸ್ಕ್ಯಾನಮ್ಮ ಎಂದು ಹೆಸರಿಟ್ಟಿದ್ದರು. ದೊಡ್ಡ ಡಾಕ್ಟರಮ್ಮನ ಎದುರು ಬಾಯಿ ಬಿಡಲು ಹೆದರುವವರೂ ಸ್ಕ್ಯಾನಮ್ಮನ ಹತ್ತಿರ ಬಂದಾಗ, ಸ್ವಲ್ಪ ಜಾಸ್ತಿ ಹಾಕಿಬಿಡಿ ದಮ್ಮಯ್ಯ ಎಂದು ಗೋಗರೆಯುತ್ತಿದ್ದರು. ತಾನೇನು ಇಲ್ಲಿ ತರಕಾರಿ ತೂಗುತ್ತಾ ಕೂತಿಲ್ಲ, ಮೇಲೆ ಕೊಸರು ಹಾಕುವುದಕ್ಕೆ ಎಂದು ಅವಳು ಅವರ ಬಾಯಿ ಮುಚ್ಚಿಸುತ್ತಿದ್ದಳು.

ಅವಳು ಅಳೆಯುತ್ತಿದ್ದದ್ದು ಗರ್ಭಕೋಶದ ಒಳಪದರವನ್ನು. ಬಂದವರಿಗೆ ತಿಳಿಯಲಿ ಎಂದು ಅವಳು ಅದನ್ನು ಹಾಸಿಗೆ ಎನ್ನುತ್ತಿದ್ದಳು. ಗರ್ಭಕೋಶ ತಿಂಗಳು ತಿಂಗಳೂ ಒಂದು ಹಾಸಿಗೆ ಹಾಸಿ ಕಾಯುತ್ತದೆ, ಯಾರೂ ಬರದಿದ್ದರೆ ಅದನ್ನು ಹೊರಗೆಸೆದು ಹೊಸದು ಹಾಸಲು ತೊಡಗುತ್ತದೆ. ಭ್ರೂಣ ಬಂದು ಅದರಲ್ಲಿ ಹುದುಗಿ ಕೂತರೆ ಬಸಿರು. ಹಾಸಿಗೆ ತೆಳ್ಳಗಿದ್ದರೆ ಕೂರುವುದೇ ಕಷ್ಟ. ಕೂತೇ ಕೂರುವುದಿಲ್ಲ ಅಂತಲ್ಲ, ತೆಳು ಹಾಸಿಗೆಯಲ್ಲೂ ಗಟ್ಟಿಯಾಗಿ ಕೂತು ಹುಟ್ಟಿ ಈಗ ಬೀದಿಯಲ್ಲಿ ಕುಣಿದಾಡುವ ಮಕ್ಕಳಿದ್ದಾರೆ. ಆದರೆ ಲ್ಯಾಬಿನಲ್ಲಿ ಬೆಳೆಸಿ, ಹೆಪ್ಪುಗಟ್ಟಿಸಿ ಜೋಪಾನವಾಗಿ ಇಟ್ಟಿರುವ ಭ್ರೂಣವನ್ನು ಅಂಥ ಜೂಜಿಗೆ ಇಡಲು ಡಾಕ್ಟರಮ್ಮ ಒಪ್ಪುತ್ತಿರಲಿಲ್ಲ. ಅವರು ಹಾಕಿಕೊಂಡ ಗಡಿ ಏಳು ಮಿಲಿಮೀಟರ್. ಪದರ ಏಳು ಮುಟ್ಟದಿದ್ದರೆ ಆ ತಿಂಗಳ ಪ್ರಯತ್ನ ಅಲ್ಲಿಗೇ ಕೈಬಿಟ್ಟ ಹಾಗೆ.

ಪರದೆಯ ಮೇಲೆ ಆ ಪದರ ಮೂರು ಬಿಳಿ ಗೆರೆಗಳಾಗಿ ಕಾಣುತ್ತದೆ. ಮೇಲಿನ ಗೆರೆಗೊಂದು ಚುಕ್ಕಿ, ಕೆಳಗಿನದಕ್ಕೊಂದು ಚುಕ್ಕಿ ಇಟ್ಟರೆ ನಡುವಿನ ದಪ್ಪವನ್ನು ಯಂತ್ರವೇ ಹೇಳುತ್ತದೆ. ನೋಡಿದವರಿಗೆ ಇಷ್ಟೇನಾ ಅನ್ನಿಸಬೇಕು. ಆದರೆ ಒಳಗಿಡುವ ಸ್ಕ್ಯಾನಿನ ಕೋಲನ್ನು ಗರ್ಭಕೋಶದ ನಟ್ಟನಡುವೆ ನೆಟ್ಟಗೆ ಹಿಡಿಯಬೇಕು. ಮಣಿಕಟ್ಟು ಒಂಚೂರು ವಾಲಿದರೂ ಚಿತ್ರ ಓರೆಯಾಗುತ್ತದೆ. ಕ್ಯಾರೆಟ್ಟನ್ನು ಓರೆಯಾಗಿ ಕೊಯ್ದಾಗ ಬಿಲ್ಲೆ ದೊಡ್ಡದಾಗಿ ಬರುತ್ತದಲ್ಲ, ಹಾಗೆ ತೆಳು ಪದರವೂ ದಪ್ಪನಾಗಿ ಕಾಣುತ್ತದೆ. ಹೊಸದಾಗಿ ಕೆಲಸ ಕಲಿಯಲು ಬಂದ ಹುಡುಗಿಯರಿಗೆ ಸ್ಕ್ಯಾನಮ್ಮನಿಂದ ಮೊದಲ ಬೈಗುಳ ಸಿಗುತ್ತಿದ್ದದ್ದೇ ಇದಕ್ಕೆ. ಕೈ ನೆಟ್ಟಗಿರಲಿ, ಕನಿಕರ ಆಮೇಲೆ ತೋರಿಸೋಣ ಎನ್ನುತ್ತಿದ್ದಳು.

ಇಂಥ ಸ್ಕ್ಯಾನಮ್ಮನಿಗೆ ಒಬ್ಬ ನಾದಿನಿ. ಗಂಡನಿಗೆ ಇರುವ ಒಬ್ಬಳೇ ತಂಗಿ. ತೊಟ್ಟಿಲಲ್ಲಿದ್ದಾಗಲೇ ಕಿಲಕಿಲ ನಗುತ್ತಿದ್ದಳಂತೆ, ಅದಕ್ಕೆ ಮನೆಯವರೆಲ್ಲ ಅವಳನ್ನು ಗಿಲಕಿ ಎಂದೇ ಕರೆಯುತ್ತಿದ್ದರು. ಮನೆಯ ಮೇಲಂತಸ್ತಿನಲ್ಲಿ ಅಣ್ಣ ಅತ್ತಿಗೆ. ಕೆಳಗೆ ಬೀದಿಗೆ ಮುಖ ಮಾಡಿ ಗಿಲಕಿಯ ಕೂದಲು ಕತ್ತರಿಸುವ ಅಂಗಡಿ, ಅದರ ಹಿಂದೆ ಅವಳೂ ಅವಳ ಗಂಡನೂ ಇರುವ ಎರಡು ಕೋಣೆ. ಅಂಗಡಿಗೆ ಬರುವ ಹೆಂಗಸರಲ್ಲಿ ಅರ್ಧಕ್ಕರ್ಧ ಜನ ಬರುತ್ತಿದ್ದದ್ದು ಕೂದಲಿಗಲ್ಲ, ಅವಳ ನಗುವಿಗೆ. ಒಮ್ಮೆ ಶುರುವಾಯಿತು ಅಂದರೆ ಅದು ಅವಳ ಮಾತನ್ನೂ ಕೇಳುತ್ತಿರಲಿಲ್ಲ. ಕತ್ತರಿಯನ್ನು ಮೇಜಿನ ಮೇಲಿಟ್ಟು, ಕುರ್ಚಿಯ ಬೆನ್ನು ಹಿಡಿದುಕೊಂಡು, ಅರ್ಧ ಕತ್ತರಿಸಿದ ತಲೆಯ ಹಿಂದೆ ಬಗ್ಗಿ ಬಗ್ಗಿ ನಗುವಳು. ಆ ನಗು ಮೆಟ್ಟಿಲು ಹತ್ತಿ ಮೇಲಿನ ಅಡುಗೆಮನೆಗೆ ಬರುತ್ತಿತ್ತು. ಒಲೆಯ ಮುಂದೆ ನಿಂತ ಸ್ಕ್ಯಾನಮ್ಮ ಏನು ವಿಷಯ ಎಂದು ತಿಳಿಯದೆಯೇ ತಾನೂ ನಗುತ್ತಿದ್ದಳು.

ಗಿಲಕಿಯ ಗಂಡ ಸಿಟಿ ಬಸ್ಸಿನ ಡ್ರೈವರ್. ದಿನವಿಡೀ ಬಾಯಿ ಬಿಗಿಹಿಡಿದು ಬಸ್ಸು ಓಡಿಸಿ, ಸಂಜೆ ಮನೆಗೆ ಬಂದು ಕೂಡಿಟ್ಟ ತಮಾಷೆಯನ್ನೆಲ್ಲ ಹೆಂಡತಿಯ ಮುಂದೆ ಸುರಿಯುತ್ತಿದ್ದ. ಅದರಲ್ಲಿ ಮುಕ್ಕಾಲುಪಾಲು ಹಳಸಲು. ಗಿಲಕಿ ಎಲ್ಲದಕ್ಕೂ ನಗುತ್ತಿದ್ದಳು. ಇಬ್ಬರಿಗೂ ಮಗು ಬೇಕಾಗಿತ್ತು, ತುಂಬಾ ಬೇಕಾಗಿತ್ತು, ಆಗುತ್ತಿರಲಿಲ್ಲ. ಮದುವೆಯಾಗಿ ವರ್ಷ ತುಂಬುವುದರೊಳಗೆ ಬಸಿರಾಗಿ, ಮಗಳನ್ನು ಹೆತ್ತು, ಈಗ ಅವಳನ್ನು ಹಾಸ್ಟೆಲಿಗೂ ಕಳಿಸಿದ್ದ ಸ್ಕ್ಯಾನಮ್ಮನಿಗೆ ನಾದಿನಿಯ ಮುಂದೆ ಮಗಳ ಮಾತೆತ್ತುವುದಕ್ಕೂ ಮುಜುಗರವಾಗುತ್ತಿತ್ತು.

ಅತ್ತಿಗೆ ಇರುವ ಆಸ್ಪತ್ರೆ ಬಿಟ್ಟು ಬೇರೆಲ್ಲಿಗೆ ಹೋಗಲಿ ಎಂದು ಗಿಲಕಿ ಅಲ್ಲಿಗೇ ಬಂದಳು. ಮನೆಯವರನ್ನು ಮನೆಯವರೇ ಸ್ಕ್ಯಾನ್ ಮಾಡುವುದು ಬೇಡ ಎಂದು ಡಾಕ್ಟರಮ್ಮ ಒಂದು ಮಾತು ಹೇಳಿದ್ದರು. ಬೇರೆಯವರ ಮುಂದೆ ಮಲಗಲು ತನಗೆ ನಾಚಿಕೆ ಎಂದು ಗಿಲಕಿ ಹಟ ಹಿಡಿದಳು. ಸ್ಕ್ಯಾನಮ್ಮನ ಕೈಯ ಮೇಲೆ ಡಾಕ್ಟರಮ್ಮನಿಗೆ ಎಷ್ಟು ನಂಬಿಕೆ ಇತ್ತೆಂದರೆ, ಅವರೂ ಹೂಂ ಅಂದುಬಿಟ್ಟರು.

ಇಂಜೆಕ್ಷನ್ನು, ಅಂಡಾಣು ತೆಗೆಯುವುದು, ಲ್ಯಾಬು ಎಲ್ಲ ಮುಗಿಯುವ ಹೊತ್ತಿಗೆ ಇಡಲು ಯೋಗ್ಯವಾಗಿ ಉಳಿದದ್ದು ಎರಡೇ ಭ್ರೂಣ. ಇನ್ನೊಮ್ಮೆ ಅಂಡಾಣು ತೆಗೆಯುವುದು ಗಿಲಕಿಯ ವಿಷಯದಲ್ಲಿ ವ್ಯರ್ಥ ಎಂದು ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಹೇಳಿದರು. ಹಾಗಾಗಿ ಆ ಎರಡು ಭ್ರೂಣಗಳೇ ಎಲ್ಲ. ಅವುಗಳಿಗೆ ಹಾಸಿಗೆ ಸಿದ್ಧವಾಗಲಿ ಎಂದು ಮಾತ್ರೆ ಶುರುವಾಯಿತು. ಪದರ ಏಳು ಮುಟ್ಟಲಿಲ್ಲ. ಮುಂದಿನ ಸಲವೂ ಮುಟ್ಟಲಿಲ್ಲ. ಎರಡನೇ ಸಲವೂ ಡಾಕ್ಟರಮ್ಮ ಬೇಡ ಎಂದಾಗ ಗಿಲಕಿ ಅಂಗಡಿಯ ಹೆಂಗಸರಿಗೆಲ್ಲ, ತನ್ನ ಗರ್ಭಕೋಶ ಮಹಾ ಜಿಪುಣ, ನೆಂಟರು ಬಂದರೆ ಚಾಪೆ ಬಿಚ್ಚುವುದಕ್ಕೂ ಹಿಂದೆಮುಂದೆ ನೋಡುತ್ತದೆ ಎಂದು ಹೇಳಿ ನಗಿಸಿದಳು. ಹಿಂದಿನ ಕೋಣೆಗೆ ಹೋಗಿ ಅತ್ತಳು. ಅತ್ತದ್ದು ಸ್ಕ್ಯಾನಮ್ಮನಿಗೆ ಮಾತ್ರ ಗೊತ್ತಿತ್ತು.

ಮೂರನೇ ಸಲ ಸ್ಕ್ಯಾನಿಗೆ ಬಂದ ಬೆಳಿಗ್ಗೆ ಗಿಲಕಿ ತಮಾಷೆ ಮಾಡಲಿಲ್ಲ. ಆಸ್ಪತ್ರೆಯ ನಿಲುವಂಗಿ ತೊಟ್ಟು ಮಲಗಿದಳು, ಮೇಲೆ ಛಾವಣಿ ನೋಡುತ್ತಾ, ಈ ಸಲ ಆಗದಿದ್ದರೆ ತಾನು ಇನ್ನು ಬರುವುದಿಲ್ಲ ಎಂದಳು. ದನಿಯಲ್ಲಿ ಮುನಿಸಿರಲಿಲ್ಲ, ಸುಸ್ತಿತ್ತು. ಸ್ಕ್ಯಾನಮ್ಮ ಕೋಲನ್ನು ನೆಟ್ಟಗೆ ಹಿಡಿದು ನೋಡಿದಳು. ಆರು ಚಿಲ್ಲರೆ. ಇನ್ನೊಮ್ಮೆ ನೋಡಿದಳು. ಮತ್ತೆ ಆರು ಚಿಲ್ಲರೆ. ಗಿಲಕಿ ಉಸಿರು ಬಿಗಿಹಿಡಿದು ಅತ್ತಿಗೆಯ ಮುಖ ನೋಡುತ್ತಿದ್ದಳು.

ಆಮೇಲೆ ಏನಾಯಿತು ಎಂಬುದನ್ನು ಸ್ಕ್ಯಾನಮ್ಮ ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಿದ್ದಾಳೆ. ಕೈ ಜಾರಿತು ಎಂದು ಹೇಳಿಕೊಂಡು ನೋಡಿದ್ದಾಳೆ. ಕೈ ಜಾರಿರಲಿಲ್ಲ. ಮಣಿಕಟ್ಟು ಎಷ್ಟು ವಾಲಬೇಕೋ ಅಷ್ಟೇ ವಾಲಿತು, ಮೂರು ಗೆರೆಗಳು ದೂರ ಸರಿದವು, ಅವಳು ಚುಕ್ಕಿಗಳನ್ನಿಟ್ಟಳು, ಯಂತ್ರ ಏಳು ದಾಟಿಸಿ ಹೇಳಿತು. ಆರು ಚಿಲ್ಲರೆಗೂ ಏಳಕ್ಕೂ ನಡುವೆ ಏನು ಮಹಾ ಅಂತರ, ತೆಳು ಪದರದಲ್ಲೂ ಕೂತವರಿಲ್ಲವೇ ಎಂದು ಒಳಗೊಬ್ಬ ವಕೀಲ ಎದ್ದು ನಿಂತಿದ್ದ. ಬೇರೆಯವರ ಮನೆಯ ಹೆಣ್ಣಾಗಿದ್ದರೆ ಆ ವಕೀಲನಿಗೆ ಅವಳು ಬಾಗಿಲೇ ತೆರೆಯುತ್ತಿರಲಿಲ್ಲ.

ಆಯಿತು, ಏಳು ದಾಟಿದೆ ಎಂದಳು. ಗಿಲಕಿ ಅಲ್ಲೇ, ಆ ಮಂಚದ ಮೇಲೆಯೇ ನಗಲು ಶುರುಮಾಡಿದಳು. ಅಲುಗಾಡಬೇಡ ಎಂದು ಗದರಿಸಿದರೂ ನಿಲ್ಲಲಿಲ್ಲ. ಹೊರಗೆ ಕೂತಿದ್ದ ಹೆಂಗಸರಿಗೆಲ್ಲ ಒಳಗೆ ಒಳ್ಳೆಯ ಸುದ್ದಿ ಎಂದು ತಿಳಿದುಹೋಯಿತು.

ಎರಡರಲ್ಲಿ ಒಂದು ಭ್ರೂಣವನ್ನು ಗರ್ಭಕೋಶಕ್ಕೆ ಇಳಿಸಿಕೊಂಡು ಮನೆಗೆ ಬಂದ ಸಂಜೆ ಗಿಲಕಿ ಹಿಂದಿನ ಕೋಣೆಯಲ್ಲಿ ಮೂರು ದಿಂಬಿಗೊರಗಿ ಮಲಗಿದ್ದಳು. ಸ್ಕ್ಯಾನಮ್ಮನೂ ಅಲ್ಲೇ ಕಾಲ ಬಳಿ ಕೂತಿದ್ದಳು. ಡ್ರೈವರ್ ಕೆಲಸದಿಂದ ಬಂದವನು ಸಮವಸ್ತ್ರವನ್ನೂ ಕಳಚದೆ ಮಂಚದ ಬಳಿ ಬಗ್ಗಿ, ಹೆಂಡತಿಯ ಹೊಟ್ಟೆಗೆ ಮುಖ ತಂದು, ಬಸ್ಸಿನಲ್ಲಿ ಕಂಡಕ್ಟರ್ ಕೂಗುವ ದನಿಯಲ್ಲಿ ಹೇಳಿದ.

"ಹೊಸದಾಗಿ ಹತ್ತಿದ ಪ್ರಯಾಣಿಕರು ಕಂಬಿ ಗಟ್ಟಿಯಾಗಿ ಹಿಡ್ಕೊಳ್ಳಿ. ಮುಂದೆ ತಿರುವು ಜಾಸ್ತಿ ಇದೆ. ಒಂಬತ್ತನೇ ಸ್ಟಾಪ್ ತನಕ ಯಾರೂ ಇಳಿಯೋ ಹಾಗಿಲ್ಲ."

ಗಿಲಕಿ ನಕ್ಕಳು. ಮೊದಲು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಣ್ಣಲ್ಲಿ ನೀರು ಬಂತು. ಡ್ರೈವರ್ ಟಿಕೆಟ್ ಕೇಳಿದ, ಅವಳು ಇನ್ನೂ ನಕ್ಕಳು. ಸ್ಕ್ಯಾನಮ್ಮನಿಗೂ ನಗು ತಡೆಯಲಾಗಲಿಲ್ಲ. ಅಷ್ಟು ಹೊತ್ತು ತನ್ನ ಓರೆ ಕೈ ಅವಳಿಗೆ ಮರೆತೇ ಹೋಗಿತ್ತು.

ರಕ್ತಪರೀಕ್ಷೆಯಲ್ಲಿ ಏನೂ ಇಲ್ಲ ಎಂದು ಬಂತು. ಭ್ರೂಣ ನಿಂತಿರಲಿಲ್ಲ. ಫೋನಿನಲ್ಲಿ ಅದನ್ನು ಹೇಳಿದವಳು ನರ್ಸು, ಕೇಳಿಸಿಕೊಂಡವನು ಡ್ರೈವರ್. ಅವನು ಮೇಲೆ ಬಂದು ಮೆಟ್ಟಿಲ ಬಾಗಿಲಲ್ಲಿ ನಿಂತದ್ದು ನೋಡಿಯೇ ಸ್ಕ್ಯಾನಮ್ಮನಿಗೆ ತಿಳಿಯಿತು. ಅವಳು ಮೊದಲು ಯೋಚಿಸಿದ್ದು ಗಿಲಕಿಯನ್ನಲ್ಲ, ತನ್ನ ಮಣಿಕಟ್ಟನ್ನು. ಅದಕ್ಕೂ ಅವಳಿಗೆ ಆಮೇಲೆ ನಾಚಿಕೆಯಾಯಿತು.

ಕೆಲವು ದಿನ ಕಳೆದ ಮೇಲೆ ಗಿಲಕಿ ಅಂಗಡಿ ತೆರೆದಳು. ಬಂದವರ ತಲೆ ಒದ್ದೆ ಮಾಡಿದಳು, ಕತ್ತರಿಸಿದಳು, ಕುತ್ತಿಗೆಯ ಕೂದಲು ಒರೆಸಿದಳು, ಕನ್ನಡಿ ಹಿಡಿದು ಹಿಂಭಾಗ ತೋರಿಸಿದಳು. ಎಲ್ಲ ಸರಿಯಾಗಿಯೇ ಇತ್ತು, ನಗು ಮಾತ್ರ ಇರಲಿಲ್ಲ. ಬಂದವರು ತಮಗೆ ತಿಳಿದ ತಮಾಷೆಯನ್ನೆಲ್ಲ ಹೇಳಿ ನೋಡಿದರು. ಅವಳು ತುಟಿ ಬಿಗಿಹಿಡಿದು ತಲೆಯಾಡಿಸುವಳು. ದುಃಖಕ್ಕೆ ಹೀಗಾಗಿದೆ, ದಿನ ಕಳೆದರೆ ಸರಿಹೋಗುತ್ತದೆ ಎಂದು ಎಲ್ಲರೂ ಅಂದುಕೊಂಡರು. ಸ್ಕ್ಯಾನಮ್ಮನೂ ಹಾಗೇ ಅಂದುಕೊಳ್ಳಲು ನೋಡಿದಳು.

ಒಂದು ಮಧ್ಯಾಹ್ನ ಅಂಗಡಿ ಖಾಲಿಯಿದ್ದಾಗ ಇಬ್ಬರೂ ಕೂತು ಒಗೆದ ಟವೆಲ್ಲುಗಳನ್ನು ಮಡಚುತ್ತಿದ್ದರು. ಗಿಲಕಿ ತಲೆಯೆತ್ತದೆ ಹೇಳಿದಳು.

"ಅತ್ತಿಗೆ, ಯಾರಿಗೂ ಹೇಳ್ಬೇಡಿ. ನಾನೇ ಕಳ್ಕೊಂಡೆ ಅದನ್ನ. ಅವತ್ತು ಅಷ್ಟೊಂದು ನಕ್ಕೆನಲ್ಲ, ಆಗ ಒಳಗೇನೋ ಕುಲುಕಿದ ಹಾಗಾಯ್ತು. ಗಟ್ಟಿಯಾಗಿ ಹಿಡ್ಕೋ ಅಂತ ಇವರು ಹೇಳ್ತಾನೇ ಇದ್ರು, ನಾನು ಅಲ್ಲಾಡಿಸಿ ಬೀಳಿಸಿಬಿಟ್ಟೆ."

ಹೇಳಿ ಮುಗಿಸುವಷ್ಟರಲ್ಲಿ ಅವಳು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ನಗುವುದರಿಂದ ಭ್ರೂಣ ಬೀಳುವುದಿಲ್ಲ, ನಕ್ಕರೂ ಕೆಮ್ಮಿದರೂ ಮೆಟ್ಟಿಲು ಹತ್ತಿದರೂ ಏನೂ ಆಗುವುದಿಲ್ಲ ಎಂದು ಸ್ಕ್ಯಾನಮ್ಮ ಹೇಳಿದಳು. ಅದು ನಿಜವೇ. ಆದರೆ ಆ ನಿಜದ ಹಿಂದೆ ಇನ್ನೊಂದು ನಿಜ ಇತ್ತು. ಮತ್ಯಾಕೆ ನಿಲ್ಲಲಿಲ್ಲ ಎಂದು ಗಿಲಕಿ ಕೇಳಿದಳು. ಸ್ಕ್ಯಾನಮ್ಮ ಮಡಚಿಟ್ಟ ಟವೆಲ್ಲುಗಳಲ್ಲಿ ಒಂದನ್ನು ಎತ್ತಿ, ಮುಖ ಒರೆಸಿಕೋ ಎಂದು ಕೈಗೆ ಕೊಟ್ಟಳು. ಅಷ್ಟೇ. ಮೆಟ್ಟಿಲು ಹತ್ತಿ ಮೇಲೆ ಬಂದವಳು ನಲ್ಲಿ ತಿರುಗಿಸಿ ಎಷ್ಟೋ ಹೊತ್ತು ಕೈ ತೊಳೆದಳು.

ಹೇಡಿತನಕ್ಕೆ ಕಾರಣಗಳಿಗೇನು ಬರ. ಈಗ ಹೇಳಿದರೆ ಅವಳಿಗೆ ಇನ್ನೂ ನೋವಾಗುತ್ತದೆ ಎಂದಿತು ಮನಸ್ಸು. ಕೆಲಸ ಹೋಗುತ್ತದೆ ಎಂದಿತು. ಪದರ ತೆಳ್ಳಗಿದ್ದದ್ದಕ್ಕೇ ನಿಲ್ಲಲಿಲ್ಲ ಎಂದು ಯಾರು ಕಂಡರು ಎಂದಿತು. ಆ ಕೊನೆಯ ಮಾತು ನಿಜವಾಗಿದ್ದರಿಂದಲೇ ಹೆಚ್ಚು ಸುಡುತ್ತಿತ್ತು. ಅದಕ್ಕೇ ಹೋಯಿತು ಎಂದು ಖಚಿತವಾಗಿದ್ದರೆ ಅತ್ತು ಮುಗಿಸಬಹುದಿತ್ತು. ಅದಕ್ಕಲ್ಲ ಎಂದಾಗಿದ್ದರೆ ಮರೆಯಬಹುದಿತ್ತು. ಎರಡೂ ಇಲ್ಲದೆ ಅವಳು ಆಸ್ಪತ್ರೆಯಲ್ಲಿ ಒಂದೊಂದು ಹೆಂಗಸನ್ನೂ ಬೇಕಾದ್ದಕ್ಕಿಂತ ಹೆಚ್ಚು ಸಲ ಅಳೆಯುತ್ತಿದ್ದಳು. ಅವಳ ನಿಷ್ಠುರತನ ಇನ್ನೂ ಏರಿದೆ ಎಂದು ಹೊರಗೆ ಕೂತವರು ಗೊಣಗಿಕೊಂಡರು.

ಕೆಳಗಿನ ಮನೆಯಲ್ಲಿ ಡ್ರೈವರ್ ತಮಾಷೆ ನಿಲ್ಲಿಸಿದ್ದ. ಹೆಂಡತಿ ನಗುವ ಬದಲು ತನ್ನನ್ನು ಬೆದರಿದ ಕಣ್ಣಿಂದ ನೋಡುತ್ತಾಳೆ, ಯಾಕೆ ಎಂದು ಕೇಳಿದರೆ ಹೇಳುವುದಿಲ್ಲ ಎಂದು ಒಮ್ಮೆ ಭಾವನ ಹತ್ತಿರ ಹೇಳಿಕೊಂಡನಂತೆ. ಸ್ಕ್ಯಾನಮ್ಮನ ಗಂಡ ಲಿಫ್ಟು ರಿಪೇರಿ ಮಾಡುವವನು, ಹೆಚ್ಚು ಮಾತಿನವನಲ್ಲ. ಅವನೇ ಊಟಕ್ಕೆ ಕೂತಾಗ, ಈ ಮನೆ ಇಷ್ಟು ಸದ್ದಿಲ್ಲದೆ ಇದ್ದದ್ದು ತನಗೆ ನೆನಪೇ ಇಲ್ಲ ಎಂದ. ಸ್ಕ್ಯಾನಮ್ಮ ತಟ್ಟೆ ಎತ್ತಿಕೊಂಡು ಎದ್ದಳು.

ಉಳಿದ ಒಂದು ಭ್ರೂಣದ ಮಾತಿಗೆ ಡಾಕ್ಟರಮ್ಮ ಕರೆಸಿದಾಗ, ತನಗೆ ಒಬ್ಬಳೇ ಕೂರಲು ಭಯ ಎಂದು ಗಿಲಕಿ ಅತ್ತಿಗೆಯನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ಡಾಕ್ಟರಮ್ಮ ಬೇಗ ಬೇಗ ಮಾತಾಡುವವರು. ಹೋದ ಸಲ ಈ ಮಾತ್ರೆಗೆ ಪದರ ಚೆನ್ನಾಗಿ ಬಂದಿತ್ತು, ಅಲ್ಲೇನೂ ದೋಷವಿಲ್ಲ, ನಿಲ್ಲದೆ ಹೋದದ್ದು ಭ್ರೂಣದ್ದೇ ಕೊರತೆ ಇರಬೇಕು, ಅದೇ ಮಾತ್ರೆಯಲ್ಲಿ ಇದನ್ನೂ ಇಳಿಸೋಣ ಎಂದರು. ಮುಂಚೆ ಎರಡು ಸಲ ತೆಳ್ಳಗಿದ್ದಾಗ ಗರ್ಭಕೋಶದೊಳಗೆ ಕ್ಯಾಮೆರಾ ಇಟ್ಟು ನೋಡಬೇಕು ಎಂದಿದ್ದೆನಲ್ಲ, ಇನ್ನು ಅದೂ ಬೇಕಾಗಿಲ್ಲ ಎಂದು ಸೇರಿಸಿದರು. ಗಿಲಕಿ ತಲೆಯಾಡಿಸಿದಳು. ಹೊರಗೆ ಬಂದ ಮೇಲೆ ಅತ್ತಿಗೆಯ ಕೈ ಹಿಡಿದುಕೊಂಡು, ಈ ಸಲ ತಾನು ತುಟಿ ಪಿಟಕ್ಕೆನ್ನುವುದಿಲ್ಲ, ಗಂಡನಿಗೂ ಹೇಳಿಟ್ಟಿದ್ದೇನೆ, ಪರೀಕ್ಷೆ ಆಗುವವರೆಗೆ ಅವನು ತನ್ನ ಕೋಣೆಗೇ ಬರುವುದು ಬೇಡ ಎಂದಳು.

ಸ್ಕ್ಯಾನಮ್ಮನ ಆ ಒಂದು ಸುಳ್ಳು ಆಗಿಹೋದ ವಿಷಯವಾಗಿ ಉಳಿದಿರಲಿಲ್ಲ. ಅದು ಈಗ ಡಾಕ್ಟರಮ್ಮನಿಗೆ ದಾರಿ ತೋರಿಸುತ್ತಿತ್ತು, ಕೊನೆಯ ಭ್ರೂಣವನ್ನೂ ಅದೇ ತೆಳು ಹಾಸಿಗೆಗೆ ಕರೆದೊಯ್ಯುತ್ತಿತ್ತು.

ಆಗ ಅವಳಿಗೊಂದು ಉಪಾಯ ಹೊಳೆಯಿತು, ಹೊಳೆದದ್ದೇ ಜೀವ ಹಗುರಾಯಿತು. ಈ ಸಲ ನೆಟ್ಟಗೆ ಅಳೆದರೆ ಸಾಕು. ಏಳು ಮುಟ್ಟಿಲ್ಲ ಎಂದು ಕಾಣುತ್ತದೆ, ಡಾಕ್ಟರಮ್ಮ ನಿಲ್ಲಿಸುತ್ತಾರೆ, ಕ್ಯಾಮೆರಾ ಇಟ್ಟು ನೋಡುತ್ತಾರೆ, ಔಷಧಿ ಬದಲಿಸುತ್ತಾರೆ. ಭ್ರೂಣ ಉಳಿಯುತ್ತದೆ. ಹಳೆಯದನ್ನು ಯಾರೂ ಕೆದಕಬೇಕಾಗಿಲ್ಲ. ತಪ್ಪು ತಾನಾಗಿಯೇ ಸರಿಯಾಗುತ್ತದೆ, ಬಾಯಿ ಬಿಡುವ ಪ್ರಮೇಯವೇ ಇಲ್ಲ. ಆ ವಾರ ಅವಳಿಗೆ ಚೆನ್ನಾಗಿ ನಿದ್ದೆ ಬಂತು.

ಸ್ಕ್ಯಾನಿನ ಬೆಳಿಗ್ಗೆ ಗಿಲಕಿ ಮಲಗಿದಳು. ನರ್ಸು ಮುಂದಿನವರನ್ನು ಕರೆಯಲು ಹೊರಗೆ ಹೋಗಿದ್ದಳು. ಸ್ಕ್ಯಾನಮ್ಮ ಮಣಿಕಟ್ಟನ್ನು ಮಂಚದ ಅಂಚಿಗೆ ಒತ್ತಿ ಹಿಡಿದು, ಕೋಲನ್ನು ನೆಟ್ಟಗೆ ನಿಲ್ಲಿಸಿ ಅಳೆದಳು. ಆರು ಚಿಲ್ಲರೆ. ಅದನ್ನು ನೋಡಿ ಒಬ್ಬರಿಗೆ ಸಮಾಧಾನವಾದದ್ದು ಆ ಕೋಣೆಯಲ್ಲಿ ಅದೇ ಮೊದಲಿರಬೇಕು. ಏಳು ಮುಟ್ಟಿಲ್ಲ, ಈ ಸಲ ಬೇಡ, ಯಾಕೆ ಹೀಗೆ ಎಂದು ಡಾಕ್ಟರಮ್ಮ ಒಳಗೆ ನೋಡುತ್ತಾರೆ ಎಂದು ಅವಳು ಹೇಳಿದಳು. ಗಿಲಕಿ ಅಳುತ್ತಾಳೆ ಎಂದುಕೊಂಡಿದ್ದಳು. ಗಿಲಕಿ ಅಳಲಿಲ್ಲ, ಛಾವಣಿ ನೋಡುತ್ತಾ ಮಲಗಿದ್ದಳು.

"ಹೋದ ಸಲ ಚೆನ್ನಾಗಿತ್ತಲ್ಲ ಅತ್ತಿಗೆ, ಇದೇ ಮಾತ್ರೆಗೆ. ಅಂದ್ರೆ ಇದನ್ನೂ ನಾನೇ ಹಾಳು ಮಾಡ್ಕೊಂಡೆ. ಬಂದಿದ್ದನ್ನ ಬೀಳಿಸಿದವಳಿಗೆ ಇನ್ಯಾಕೆ ಹಾಸಬೇಕು ಅಂತ ಅದಕ್ಕೂ ಅನ್ನಿಸಿರುತ್ತೆ."

ಸ್ಕ್ಯಾನಮ್ಮನ ಉಪಾಯದಲ್ಲಿ ಇದೊಂದು ಇರಲಿಲ್ಲ. ನೆಟ್ಟಗೆ ಅಳೆದದ್ದೂ ಈಗ ಗಿಲಕಿಯ ಹೆಗಲಿಗೇ ಹೋಗಿ ಕೂತಿತ್ತು. ಭ್ರೂಣ ಉಳಿಯಿತು, ಸರಿ. ಅದನ್ನು ಹೊರಬೇಕಾದವಳು ಮಾತ್ರ ತನ್ನ ಮೈಯನ್ನೇ ಶತ್ರು ಎಂದುಕೊಂಡು ಮಲಗಿದ್ದಳು. ಬಾಯಿ ಮುಚ್ಚಿಕೊಂಡು ಹೊರಬರುವ ದಾರಿ ಇನ್ನು ಒಂದೂ ಉಳಿದಿರಲಿಲ್ಲ.

ಅವಳು ಇನ್ನೊಂದು ಕೈಯಿಂದ ಪರದೆಯನ್ನು ಗಿಲಕಿಯ ಕಡೆ ತಿರುಗಿಸಿದಳು.

"ಇಲ್ಲಿ ನೋಡು. ಇದು ನೆಟ್ಟಗೆ ಹಿಡಿದದ್ದು. ಆರು." ಮಣಿಕಟ್ಟು ವಾಲಿಸಿದಳು. ಗೆರೆಗಳು ದೂರ ಸರಿದವು. ಚುಕ್ಕಿಗಳನ್ನಿಟ್ಟಳು. "ಇದು ಓರೆ. ಏಳು ದಾಟಿತು ನೋಡು. ಹೋದ ಸಲ ನಾನು ಮಾಡಿದ್ದು ಇದನ್ನೇ. ನಿನ್ನ ಹಾಸಿಗೆ ಆವಾಗ್ಲೂ ತೆಳ್ಳಗೇ ಇತ್ತು. ಗೊತ್ತಿದ್ದೂ ಸುಳ್ಳು ಹೇಳಿದೆ."

ಗಿಲಕಿ ಪರದೆಯನ್ನೇ ನೋಡಿದಳು. ಇನ್ನೊಮ್ಮೆ ತೋರಿಸಿ ಎಂದಳು. ಸ್ಕ್ಯಾನಮ್ಮ ಇನ್ನೊಮ್ಮೆ ನೆಟ್ಟಗೆ ಹಿಡಿದಳು, ಇನ್ನೊಮ್ಮೆ ಓರೆ ಹಿಡಿದಳು.

"ಹಾಗಾದ್ರೆ ನಾನು ನಕ್ಕಿದ್ದಕ್ಕಲ್ಲ," ಎಂದಳು ಗಿಲಕಿ.

"ಅಲ್ಲ."

"ನಕ್ಕಿದ್ದಕ್ಕಲ್ಲ," ಎಂದು ಅವಳು ಮತ್ತೆ ತನಗೇ ಹೇಳಿಕೊಂಡಳು. ಮುಖ ಎಷ್ಟೋ ದಿನಗಳ ಮೇಲೆ ಸಡಿಲವಾಯಿತು. ಸ್ಕ್ಯಾನಮ್ಮನಿಗೆ ಒಂದು ಕ್ಷಣ ಆಸೆಯಾಯಿತು, ಎಲ್ಲ ಇಲ್ಲಿಗೆ ಮುಗಿಯಬಹುದು ಎಂದು. ಅಷ್ಟರಲ್ಲಿ ಗಿಲಕಿ ಅವಳ ಕಡೆ ತಿರುಗಿದಳು.

"ಕೈ ಓರೆ ಹಿಡಿದಿದ್ದು ಬಿಡಿ ಅತ್ತಿಗೆ, ನಂಗೋಸ್ಕರ ಹಿಡಿದ್ರಿ. ನಾನೇ ಕೊಂದೆ ಅಂತ ನಿಮ್ಮೆದುರು ಕೂತು ಅತ್ತೆನಲ್ಲ ಅವತ್ತು. ಎಲ್ಲ ಗೊತ್ತಿದ್ದೂ ನನ್ನ ಕೈಗೊಂದು ಟವೆಲ್ ಕೊಟ್ಟು ಸುಮ್ನಿದ್ರಲ್ಲ. ಅದನ್ನ ಯಾರಿಗೋಸ್ಕರ ಮಾಡಿದ್ರಿ?"

ಸ್ಕ್ಯಾನಮ್ಮನಲ್ಲಿ ಉತ್ತರ ಇತ್ತು, ತನಗೋಸ್ಕರ ಎಂದು. ಕೋಲು ತೆಗೆಯಿರಿ ಎಂದು ಗಿಲಕಿ ಸಣ್ಣ ದನಿಯಲ್ಲಿ ಹೇಳಿದಳು. ಎದ್ದು, ಮೂಲೆಯ ಬಟ್ಟೆಯ ತೆರೆಯ ಮರೆಗೆ ಹೋಗಿ ಬಟ್ಟೆ ಹಾಕಿಕೊಂಡಳು. ಹೊರಡುವ ಮುಂಚೆ, ಇನ್ನು ಮುಂದೆ ಬೇರೆ ಯಾರಾದರೂ ತನ್ನನ್ನು ನೋಡಲಿ ಎಂದಳು. ನಾಚಿಕೆಯ ಮಾತು ಎತ್ತಲಿಲ್ಲ.

ಡಾಕ್ಟರಮ್ಮನಿಗೆ ಸ್ಕ್ಯಾನಮ್ಮ ತಾನೇ ಹೋಗಿ ಹೇಳಿದಳು. ಅವರು ಬೇಗ ಬೇಗ ಮಾತಾಡಲಿಲ್ಲ ಆ ದಿನ. ಇನ್ನೂ ಎಷ್ಟು ಜನರಿಗೆ ಹೀಗೆ ಓರೆ ಹಿಡಿದಿದ್ದೀರಿ ಎಂದು ಮೊದಲು ಕೇಳಿದರು. ಇವಳೊಬ್ಬಳಿಗೇ ಎಂದಳು. ನಾನು ಅದನ್ನು ಹೇಗೆ ನಂಬಲಿ ಎಂದರು ಅವರು. ಅದು ಬೈಗುಳವಾಗಿರಲಿಲ್ಲ, ನಿಜವಾಗಿಯೇ ಕೇಳಿದ್ದರು, ಅದಕ್ಕೇ ಅವಳಿಗೆ ಹೆಚ್ಚು ನಾಟಿತು. ಆ ಭ್ರೂಣ ತೆಳು ಪದರಕ್ಕೇ ಹೋಯಿತಾ ಎಂದು ಸ್ಕ್ಯಾನಮ್ಮ ಕೇಳಿದಳು. ಅದನ್ನು ತಾನೂ ಹೇಳಲಾರೆ, ಜಗತ್ತಿನಲ್ಲಿ ಯಾರೂ ಹೇಳಲಾರರು ಎಂದರು ಡಾಕ್ಟರಮ್ಮ. ಮರುದಿನದಿಂದ ಸ್ಕ್ಯಾನಿನ ಕೋಲು ಬೇರೆಯವಳ ಕೈಗೆ ಹೋಯಿತು. ಸ್ಕ್ಯಾನಮ್ಮನಿಗೆ ಮುಂದಿನ ಕೌಂಟರಿನಲ್ಲಿ ಬಂದವರನ್ನು ಸರದಿಯಲ್ಲಿ ಕೂರಿಸುವ ಕೆಲಸ. ಹಳೆಯ ಹೆಂಗಸರು ಈಗಲೂ ಅವಳನ್ನು ಸ್ಕ್ಯಾನಮ್ಮ ಎಂದೇ ಕರೆಯುತ್ತಾರೆ. ಕರೆದಾಗಲೆಲ್ಲ ಅವಳಿಗೆ ಮುಖ ಎಲ್ಲಿ ಇಟ್ಟುಕೊಳ್ಳಬೇಕು ಎಂದು ತಿಳಿಯುವುದಿಲ್ಲ.

ಕ್ಯಾಮೆರಾ ಇಟ್ಟು ನೋಡಿದಾಗ ಗಿಲಕಿಯ ಗರ್ಭಕೋಶದೊಳಗೆ ಒಂದು ಕಡೆ ಗೋಡೆಗೆ ಗೋಡೆ ಅಂಟಿಕೊಂಡಿತ್ತು. ಯಾವಾಗಲೋ ಆಗಿಹೋದ ಸೋಂಕಿನ ಗುರುತಂತೆ. ಅಲ್ಲಿ ಪದರ ಬೆಳೆಯಲು ಜಾಗವೇ ಇರಲಿಲ್ಲ. ಅದನ್ನು ಬಿಡಿಸಿದರು, ಮಾತ್ರೆಯ ಬದಲು ಹೊಟ್ಟೆಯ ಮೇಲೆ ಅಂಟಿಸುವ ಪಟ್ಟಿ ಕೊಟ್ಟರು, ಕೆಲವು ತಿಂಗಳು ಕಾದರು. ಮೊದಲೇ ನೋಡಿದ್ದರೆ ಮೊದಲೇ ಸಿಗುತ್ತಿತ್ತು. ಇದನ್ನು ಸ್ಕ್ಯಾನಮ್ಮನಿಗೆ ಯಾರೂ ಹೇಳಲಿಲ್ಲ, ಯಾರೂ ಹೇಳಬೇಕಾಗಿಯೂ ಇರಲಿಲ್ಲ. ಆಮೇಲೆ ಪದರ ಏಳನ್ನು ದಾಟಿ ಎಂಟರ ಹತ್ತಿರ ಹೋಯಿತು. ನೆಟ್ಟಗೆ ಹಿಡಿದ ಕೈಯಲ್ಲಿ.

ಗಿಲಕಿ ಅತ್ತಿಗೆಯ ಹತ್ತಿರ ಮಾತು ಬಿಡಲಿಲ್ಲ. ಬಿಟ್ಟಿದ್ದರೆ ವಾಸಿಯಿತ್ತು ಎಂದು ಸ್ಕ್ಯಾನಮ್ಮನಿಗೆ ಅನ್ನಿಸಿದ್ದುಂಟು. ನೀರು ಬಂತಾ ಅತ್ತಿಗೆ, ಅಣ್ಣ ಬಂದನಾ ಅತ್ತಿಗೆ, ಹೀಗೆ ಬೇಕಾದಷ್ಟೇ ಮಾತು. ಅಂಗಡಿಯಲ್ಲಿ ನಗು ತಿರುಗಿ ಬಂದಿತ್ತು, ಮೊದಲಿನಷ್ಟಲ್ಲದಿದ್ದರೂ ಬಂದಿತ್ತು. ಮೇಲಿನ ಅಡುಗೆಮನೆಗೆ ಕೇಳಿಸುತ್ತಿತ್ತು. ಸ್ಕ್ಯಾನಮ್ಮ ಏನಾದರೂ ಕೆಲಸಕ್ಕೆ ಕೆಳಗಿಳಿದು ಬಾಗಿಲಲ್ಲಿ ಕಾಣಿಸಿಕೊಂಡರೆ ಸಾಕು, ನಿಂತುಹೋಗುತ್ತಿತ್ತು. ಗಿಲಕಿ ಬೇಕೆಂದು ಹಾಗೆ ಮಾಡುತ್ತಿರಲಿಲ್ಲ. ಅವಳ ನಗು ಮೊದಲಿಂದಲೂ ಅವಳ ಮಾತು ಕೇಳಿದ್ದಲ್ಲವಲ್ಲ.

ಕೊನೆಯ ಭ್ರೂಣವನ್ನು ಇಳಿಸಿದ ಸಂಜೆ ಸ್ಕ್ಯಾನಮ್ಮ ಹಾಲು ಬಿಸಿ ಮಾಡಿ, ಲೋಟಕ್ಕೆ ತಟ್ಟೆ ಮುಚ್ಚಿ, ಮೆಟ್ಟಿಲಿಳಿಯತೊಡಗಿದಳು. ಈ ಸಲ ಹಾಸಿಗೆ ಗಟ್ಟಿಯಾಗಿದೆ. ಹಾಗಂತ ಕೂತೇ ಕೂರುತ್ತದೆ ಎಂದು ಹೇಳಲು ಬರುವುದಿಲ್ಲ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಅರ್ಧ ಇಳಿದಿರಬೇಕು, ಹಿಂದಿನ ಕೋಣೆಯಿಂದ ಡ್ರೈವರನ ದನಿ ಕೇಳಿಸಿತು. ಮೊದಲ ಸಲದಂತೆ ಜೋರಾಗಿರಲಿಲ್ಲ, ಹೇಳಲೋ ಬೇಡವೋ ಎಂದು ಹೆದರಿ ಹೆದರಿ ಹೇಳುತ್ತಿದ್ದ.

"ಪ್ರಯಾಣಿಕರು ಕಂಬಿ ಗಟ್ಟಿಯಾಗಿ ಹಿಡ್ಕೊಳ್ಳಿ. ಇದೇ ಕೊನೇ ಬಸ್ಸು."

ಆಮೇಲೆ ಗಿಲಕಿ ನಕ್ಕಳು. ಮೊದಲು ಬಾಯಿಗೆ ಕೈ ಅಡ್ಡ ಹಿಡಿದ ನಗು, ಆಮೇಲೆ ಕೈ ತೆಗೆದು ನಕ್ಕದ್ದು. ಡ್ರೈವರ್ ಧೈರ್ಯ ಬಂದು ಟಿಕೆಟ್ ಕೇಳಿದ. ನಗು ಉಕ್ಕಿ ಉಕ್ಕಿ ಬಂತು, ಮೆಟ್ಟಿಲ ಗೋಡೆಗೆಲ್ಲ ಬಡಿಯಿತು. ಅಳುಕಿಲ್ಲದ ನಗು ಅದು. ಅದನ್ನು ಇಷ್ಟು ದಿನ ಆ ಬಾಯಿಂದ ಕಿತ್ತುಕೊಂಡಿದ್ದವಳು ತಾನೇ ಎಂದು ಸ್ಕ್ಯಾನಮ್ಮನಿಗೆ ಕಣ್ಣು ತುಂಬಿ ಬಂತು.

ಕೆಳಗಿನ ಮೆಟ್ಟಿಲು ಹಳೆಯ ಮರದ್ದು, ಕಾಲಿಟ್ಟರೆ ಕಿರ್ ಎನ್ನುತ್ತದೆ. ಆ ಸದ್ದಾದರೆ ಯಾರು ಬಂದರು ಎಂದು ಒಳಗೆ ತಿಳಿಯುತ್ತದೆ. ಅವಳು ಎತ್ತಿದ ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು, ಲೋಟವನ್ನು ಎರಡೂ ಕೈಯಲ್ಲಿ ನೆಟ್ಟಗೆ ಹಿಡಿದು ಅಲ್ಲೇ ಗೋಡೆಗೆ ಒರಗಿ ನಿಂತಳು. ಒಳಗೆ ಗಿಲಕಿ ಇನ್ನೂ ನಗುತ್ತಿದ್ದಳು. ಹಾಲು ಆರಿ ಕೆನೆ ಕಟ್ಟುವವರೆಗೂ ಸ್ಕ್ಯಾನಮ್ಮ ಕೆಳಗೆ ಇಳಿಯಲಿಲ್ಲ.